ಲೇ ಹೋಗಿ ರೀ ಬಂತು

ನನ್ನನ್ನು ಮುಳುಗಿಸಿದ್ದು ಒಂದು 'ಲೇ' ಎಂದರೆ ನಗಬೇಡಿ.

ನಾನು ಮೊಳಕಾಲ್ಮೂರಿನ ಬ್ಯಾಂಕೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಆ 'ಲೇ' ಅಂದ ಗೆಳೆಯ ಅಲ್ಲಿ ಪಕ್ಷವೊಂದರ ಮುಖಂಡ. ಚಳ್ಳಕೆರೆಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದವರು ನಾವು. ನನಗೆ ಟೈಫಾಯ್ಡ್ ಆದಾಗ ತಳಕು ಹಳ್ಳಿಯ ತನ್ನ ಮನೆಗೆ ಕರೆದೊಯ್ದು, ಅವ್ವನ ಕೈಯಲ್ಲಿ ಗಂಜಿ ಕುಡಿಸಿ, ನಾನು ಎದ್ದು ಕೂರುವ ತನಕ ತಾನೂ ಶಾಲೆಗೆ ಚಕ್ಕರ್ ಹೊಡೆದಿದ್ದ. ಅಂಥವನು ಬ್ಯಾಂಕಿನ ಬಾಗಿಲಲ್ಲೇ ನಿಂತು, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ "ಲೇ, ಚಾ ತರಿಸು" ಎಂದರೆ ನನಗೆ ಮೈ ಉಬ್ಬುತ್ತಿತ್ತು. ಆ ಸಲಿಗೆಯನ್ನು ಅವನು ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಾನೆ ಎಂದು ಹೊಳೆಯಲಿಲ್ಲ. ಇಲ್ಲ, ಹೊಳೆದಿತ್ತು, ಹೊಳೆಯದವನಂತೆ ಇದ್ದೆ.

ನೇಕಾರರಿಗೆ ಸಾಲ ಕೊಡುವ ಮೊದಲು ಮ್ಯಾನೇಜರ್ ಮನೆಗೆ ಹೋಗಿ ಮಗ್ಗ ನೋಡಬೇಕು. ಒಂದು ಬೇಸಿಗೆ ಅವನು ಹನ್ನೆರಡು ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟ. ಪ್ರತಿಯೊಂದಕ್ಕೂ ಮಗ್ಗದ ಫೋಟೋ ಅಂಟಿಸಿತ್ತು.

"ಮನೆಮನೆ ತಿರುಗಿ ನೋಡಿ ಬಂದೀನಿ. ಈ ಬಿಸಿಲಾಗೆ ನೀನ್ಯಾಕೆ ಸಾಯ್ತೀಯಲೇ? ನನ್ ಕಣ್ಣು ನಿನ್ ಕಣ್ಣು ಬ್ಯಾರೆ ಐತಾ?"

'ಖುದ್ದಾಗಿ ನೋಡಿದ್ದೇನೆ' ಎಂದು ಬರೆದು ಹನ್ನೆರಡಕ್ಕೂ ಸಹಿ ಹಾಕಿದೆ.

ಸಾಲದ ಒಂದು ಕಂತೂ ಬಾರದೆ ತನಿಖೆಗೆ ಬಂದ ಅಧಿಕಾರಿ ಆ ಫೋಟೋಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು. ಹನ್ನೆರಡು ಮನೆ, ಒಂದೇ ಮಗ್ಗ. ಎಲ್ಲದರಲ್ಲೂ ಸೀರೆಯ ಸೆರಗಿನಲ್ಲಿ ಕುತ್ತಿಗೆಯವರೆಗೆ ನೇಯ್ದು ನಿಂತ ಅದೇ ನವಿಲು. ನಮ್ಮಪ್ಪ ನೇಕಾರ. ಸೆರಗು ನೋಡಿ ಯಾರ ಕೈ ಎಂದು ಹೇಳುವ ಮನೆಯಲ್ಲಿ ಹುಟ್ಟಿ, ಆ ನವಿಲನ್ನು ಹನ್ನೆರಡು ಸಲ ನೋಡಿಯೂ ನೋಡಿರಲಿಲ್ಲ. ಅಪ್ಪ ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸಿದ್ದು ಅದೊಂದೇ ದಿನ.

ನಮ್ಮ ಕ್ಯಾಷಿಯರ್ ಹೆಣ್ಣುಮಗಳು ಅಧಿಕಾರಿಯ ಮುಂದೆ ಸುಳ್ಳು ಹೇಳಲಿಲ್ಲ. "ಅವರು ನಮ್ ಸಾಹೇಬ್ರನ್ನೇ ಲೇ ಅಂತಾರ್ರಿ. ಆ ಫೈಲ್ ತೆರೆದು ನೋಡಾಕೆ ನಮಗೆ ಧೈರ್ಯ ಬರ್ಲಿಲ್ಲ" ಎಂದಳು. ನಾನು ಅಮಾನತ್ತಾದೆ. ಸುದ್ದಿ ಟೀವಿಗೂ ಬಂತು. ವರದಿಗಾರ ಅವನ ಮುಂದೆ ಮೈಕ್ ಹಿಡಿದು, ಮ್ಯಾನೇಜರ್ ನಿಮ್ಮ ಸ್ನೇಹಿತರಂತೆ ಹೌದೇ ಎಂದು ಕೇಳಿದ.

"ಅವರಾ? ಬ್ಯಾಂಕಿಗೆ ಹೋದಾಗ ಅವರಿಗೆ ನಮಸ್ಕಾರ ಅಂದಿರಬೋದು, ಅಷ್ಟೇ ಕಣ್ರಿ. ಸಹಿ ಯಾಕೆ ಹಾಕಿದ್ರು ಅಂತ ಅವರನ್ನೇ ಕೇಳ್ರಿ."

ಅವರು! ಹಾಸ್ಟೆಲಿನ ದಿನದಿಂದ ಅವನು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದೇ ಇಲ್ಲ. ಅಮಾನತ್ತಿನ ಕಾಗದ ಕೈಗೆ ಬಂದಾಗಲೂ ಆಗದ ನೋವು ಆಗ ಆಯಿತು. ಹೆಂಡತಿ ಟೀವಿ ಆರಿಸಿದಳು.

ತನಿಖಾಧಿಕಾರಿಗೆ ಹೇಳಿಕೆ ಕೊಡುವ ದಿನ ಮೊಳಕಾಲ್ಮೂರಿಗೆ ಹೊರಟು ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಬೇಜಾರು. ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅವನೇ.

"ಲೇ, ಸಿಟ್ಟಾಗಬ್ಯಾಡಲೇ. ಟೀವಿ ಮುಂದೆ ಹಂಗೇ ಹೇಳ್ಬೇಕಾಗ್ತೈತೆ. ನೀನು ಎಲ್ಲಾ ಹೇಳು, ಫೋಟೋ ತಂದಿದ್ದು ನಾನು ಅಂತ ಮಾತ್ರ ಹೇಳಬ್ಯಾಡ. ನಮ್ಮವ್ವ ಹಾಕಿದ ಗಂಜಿ ಮೇಲಾಣೆ."

ಆ 'ಲೇ' ಕಿವಿಗೆ ಬಿದ್ದದ್ದೇ ತಡ, 'ಆಯ್ತು ಬಿಡಲೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಚಿಕೆಗೆಟ್ಟ ನಾಲಿಗೆ. ಆ ಅವ್ವನ ಗಂಜಿಯ ಋಣ ನನ್ನ ಮೇಲೆ ಇದ್ದದ್ದೂ ನಿಜ. ಆದರೆ ಉಪ್ಪು ತಿಂದವನು ನೀರು ಕುಡಿಯಲೇಬೇಕು. ಈ ಸಲ ಇಬ್ಬರೂ ತಿಂದಿದ್ದೆವು, ನಾನೊಬ್ಬನೇ ಯಾಕೆ ಕುಡಿಯಲಿ?

"ಆಗಲ್ಲ ರೀ" ಎಂದೆ.

"ನನಗೇ ರೀ ಅಂತೀಯೇನಲೇ?"

ದನಿ ಒಡೆದಿತ್ತು. ಅದು ನಾಟಕವಲ್ಲ, ಅವನ ನಾಟಕದ ದನಿ ಯಾವುದೆಂದು ಹಾಸ್ಟೆಲಿನ ಕಾಲದಿಂದ ನನಗೆ ಗೊತ್ತು. ಮೊಳಕಾಲ್ಮೂರಿನ ಬಸ್ಸು ಬಂದು ನಿಂತಿತು.

"ಹೌದ್ರೀ" ಎಂದು ಹೇಳಿ ಬಸ್ಸು ಹತ್ತಿದೆ.