ಬಂದರಿನ ಬಾವಿಯೂ ಹಗ್ಗ ಹಿಡಿಯುವ ಮುದ್ದುವೂ

ಮಂಗಳೂರಿನ ಕುಲಶೇಖರದ ಮುದ್ದುವಿನ ಹೆದರಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಗಂಡ ಬೋಜ ಬಾವಿಗಳ ಕೆಸರು ತೆಗೆಯುವವನು. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಮದುವೆಯಾದ ವರ್ಷದಿಂದ ಹಿಡಿದವಳು ಅವಳು. ಪ್ರತಿ ಬಾವಿಕಟ್ಟೆಯ ಬಳಿಯೂ “ಇವತ್ತು ಬೇಡ” ಎನ್ನುತ್ತಿದ್ದಳು. ಬೋಜ ನಕ್ಕು ಇಳಿಯುತ್ತಿದ್ದ, ಮೈಯೆಲ್ಲ ಕೆಸರು ಮಾಡಿಕೊಂಡು ಹತ್ತಿ ಬರುತ್ತಿದ್ದ. ಅವಳ ಹೆದರಿಕೆ ಸುಳ್ಳಾಗುತ್ತಲೇ ಹೋಯಿತು.

ಮಂಗಳೂರು ಅವಳಿಗೆ ಪರಿಚಯವಾದದ್ದು ಬಾವಿಗಳಿಂದ. ಗುಡ್ಡದ ಮೇಲೆ ಬ್ರಿಟಿಷ್ ದೊರೆಗಳಿದ್ದ ಬಂಗಲೆ, ಪಾದ್ರಿಗಳ ಕಂಪೌಂಡು, ಹೊಗೆ ನಿಂತುಹೋದ ಹಂಚಿನ ಕಾರ್ಖಾನೆ. ಬೋಜ ಮೇಲೆ ಕಳಿಸಿದ ಬುಟ್ಟಿಗಳಲ್ಲಿ ಗೋಲಿಸೋಡದ ಬಾಟಲಿ, ಮೊಹರು ಒತ್ತಿದ ಹಂಚಿನ ಚೂರು, ಒಮ್ಮೆ ಯಾವನೋ ಸಿಪಾಯಿಯ ಬೂಟಿನ ಅಟ್ಟೆ ಬಂದದ್ದುಂಟು. ಎಲ್ಲಕ್ಕಿಂತ ಹಳೆಯವು ಬಂದರಿನ ಬಾವಿಗಳು. ಹೊಳೆಯ ನೀರು ಉಪ್ಪು. ಅಕ್ಕಿ, ಮೆಣಸು ಹೇರಲು ಬಂದ ಪರದೇಶಿ ಹಡಗುಗಳಿಗೆ ಸಿಹಿನೀರು ಬೇಕಿತ್ತು. ಮೊದಲು ಬಾವಿ, ಬಾವಿಯ ಪಕ್ಕ ಗೋದಾಮು, ಗೋದಾಮಿಗೆ ಕಾವಲು, ಕಾವಲುಗಾರರಿಗೆ ಅಂಗಡಿ. ಊರು ಬೆಳೆದದ್ದೇ ಹಾಗೆ ಎಂದು ಬೋಜನ ಅಪ್ಪ ಹೇಳುತ್ತಿದ್ದ. ಬಾವಿ ತೋಡಲು ಇಳಿದವರಲ್ಲಿ ಕೆಲವರು ಹತ್ತಿ ಬರಲಿಲ್ಲ ಎಂದೂ ಹೇಳುತ್ತಿದ್ದ. ಮುದ್ದುವಿನ ತಲೆಯಲ್ಲಿ ಉಳಿದದ್ದು ಈ ಕೊನೆಯ ಮಾತು.

ಬೋಜನ ಮೊಣಕಾಲಿನ ಗಂಟು ಕೆಟ್ಟ ಮೇಲೆ ಮಗ ಲತೇಶ್ ಇಳಿಯತೊಡಗಿದ. ಹಗ್ಗ ಮಾತ್ರ ಅಮ್ಮನದೇ.

ಕಳೆದ ಬೇಸಿಗೆಯಲ್ಲಿ ನಳ್ಳಿ ನೀರು ಕಡಿಮೆಯಾದಾಗ ಬಂದರಿನ ಮೆಣಸಿನಕಾಯಿ ವ್ಯಾಪಾರಿ ನಿಯಾಝ್ ತನ್ನ ಗೋದಾಮಿನ ಹಿಂದಿನ ಬಾವಿಗೆ ಇವರನ್ನು ಕರೆಸಿದ. ಅವನ ಅಜ್ಜನ ಕಾಲದಲ್ಲಿ ಮುಚ್ಚಿದ್ದ ಬಾವಿ. ಸಿಮೆಂಟಿನ ಹಲಗೆ ಸರಿಸಿದ್ದು ಅಂದೇ ಬೆಳಿಗ್ಗೆ.

ಮುಚ್ಚಿದ ಬಾವಿಗೆ ಇಳಿಯುವ ಮೊದಲು ಹಗ್ಗದಲ್ಲಿ ಚಿಮಿಣಿ ದೀಪ ಇಳಿಸಿ ನೋಡುವುದು ಬೋಜನ ಮನೆಯ ಕ್ರಮ. ಉರಿ ನಂದಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ. ಆದರೆ ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ? ಲತೇಶ್ ಬ್ಯಾಟರಿ ಲೈಟೊಂದನ್ನು ತಂದಿದ್ದ. ಅದನ್ನೇ ಇಳಿಸಿದ. ತಳದ ಕಪ್ಪು ನೀರಿನವರೆಗೂ ಬೆಳಕು ಬಿದ್ದಿತು.

“ನೋಡಿ ಅಮ್ಮ, ಚಂದ ಉರಿತಾ ಉಂಟು.”

ಬೋಜನೂ ಬಗ್ಗಿ ನೋಡಿ ತಲೆಯಾಡಿಸಿದ. ದೀಪ ಇಳಿಸಿದ್ದಾಯಿತು, ದೀಪ ಆರಲಿಲ್ಲ. ಇಷ್ಟು ವರ್ಷ ಬಾವಿ ಇಳಿದವನಿಗೂ ಬ್ಯಾಟರಿ ಬೆಳಕಿನಲ್ಲಿ ಉರಿಯೇ ಇಲ್ಲವೆಂದು ಹೊಳೆಯಲಿಲ್ಲ. ಮುದ್ದುವಿಗೂ ಹೊಳೆಯಲಿಲ್ಲ. ಅವಳಿಗೆ ಬರೀ ಹೆದರಿಕೆಯಾಯಿತು, ಎಂದಿನಂತೆ.

“ಇವತ್ತು ಬೇಡ ಮಗ.”

“ಅಮ್ಮ ಬೇಡ ಅಂದದ್ದನ್ನು ಕೇಳಿದ್ದರೆ ನಾವು ಇಷ್ಟರಲ್ಲಿ ಉಪವಾಸ ಸಾಯಬೇಕಿತ್ತು, ಸಾಹೇಬ್ರೆ” ಎಂದ ಲತೇಶ್, ನಿಯಾಝ್ ಕಡೆ ತಿರುಗಿ.

ನಿಯಾಝ್ ನಕ್ಕ. “ಹೆದರ್ಬೇಡಿ ಮುದ್ದಕ್ಕ, ಇದರ ನೀರು ಕುಡಿದೇ ನಮ್ಮಜ್ಜ ನೂರು ವರ್ಷ ಬದುಕಿದ್ದು.”

ಕೆಂಪು ಮುರಕಲ್ಲಿನ ಗೋಡೆಯಲ್ಲಿ ಕಡಿದ ಕುಳಿಗಳಿಗೆ ಕಾಲಿಡುತ್ತಾ ಲತೇಶ್ ಇಳಿದ. ಮುದ್ದು ರಾಟೆಯ ಮೇಲಿಂದ ಹಗ್ಗ ಬಿಡುತ್ತಾ ಮಗನನ್ನು ಕೂಗುತ್ತಲೇ ಇದ್ದಳು.

“ಎಂತ ಉಂಟು ಕೆಳಗೆ?”

“ದೊರೆಗಳು ಕೂತು ಚಾ ಕುಡಿತಾ ಇದ್ದಾರೆ!”

ಮೇಲಿದ್ದವರು ನಕ್ಕರು. ಅವಳು ಮತ್ತೆ ಕೂಗಿದಳು.

“ಹೂಂ.”

ಇನ್ನೊಮ್ಮೆ ಕೂಗಿದಳು. ಉತ್ತರ ಬಂತು, ಆದರೆ ನಿದ್ದೆಗಣ್ಣಿನವನ ಉತ್ತರದ ಹಾಗೆ, ಎಳೆದೆಳೆದು. ತಮಾಷೆ ಮಾಡದೆ ಮಾತಾಡುವ ಹುಡುಗನಲ್ಲ ಅವನು. ಅವಳು ಹಗ್ಗ ಎಳೆಯತೊಡಗಿದಳು.

“ಎಂತ ಮಾರಾಯ್ತಿ ನಿಂದು? ಅವನು ಹಗ್ಗ ಜಗ್ಗಲಿಲ್ಲ!” ಬೋಜ ಅವಳ ಕೈ ಹಿಡಿದ. ಕೆಳಗಿನವನು ಜಗ್ಗದೆ ಮೇಲಿನವರು ಎಳೆಯಬಾರದು; ಕುಳಿಯಿಂದ ಕಾಲು ತಪ್ಪುತ್ತದೆ. ಅದೂ ಆ ಮನೆಯ ಕ್ರಮವೇ.

ಅವಳು ಗಂಡನ ಕೈಗೆ ಕಚ್ಚಿದಳು.

ಆಗಲೇ ಹಗ್ಗಕ್ಕೆ ಇದ್ದಕ್ಕಿದ್ದಂತೆ ಇಡೀ ಮೈಭಾರ ಬಿದ್ದಿತು. ಅವಳು ಕಟ್ಟೆಗೆ ಹೋಗಿ ಬಡಿದಳು, ಹಗ್ಗ ಬಿಡಲಿಲ್ಲ. ನಿಯಾಝ್ ಓಡಿ ಬಂದ, ಮೂಟೆ ಹೊರುವವರು ಬಂದರು. ಎಲ್ಲರೂ ಸೇರಿ ಎಳೆದಾಗ ಲತೇಶ್ ಒದ್ದೆ ಗೋಣಿಚೀಲದಂತೆ ಮೇಲೆ ಬಂದ, ತುಟಿ ನೀಲಿಗಟ್ಟಿತ್ತು. ಗಾಳಿಗೆ ಮಲಗಿಸಿ ಎದೆ ಒತ್ತಿದರು. ಎಷ್ಟೋ ಹೊತ್ತಿನ ಮೇಲೆ ವಾಂತಿ ಮಾಡಿದ, ಆಮೇಲೆ ಕೆಮ್ಮಿದ. ಅಷ್ಟರವರೆಗೆ ಮುದ್ದು ಅವನ ಸೊಂಟದ ಗಂಟು ಬಿಚ್ಚಲು ಯಾರಿಗೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಲತೇಶ್ ಕೇಳಿದ: “ನಾನು ಜಗ್ಗಲಿಲ್ಲವಲ್ಲ ಅಮ್ಮ. ಹೇಗೆ ಗೊತ್ತಾಯಿತು ನಿಮಗೆ?”

“ಗೊತ್ತಾಗಲಿಲ್ಲ. ಹೆದರಿಕೆ ಆಯಿತು.”

ಬೋಜ ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ.

ಈ ವರ್ಷ ಬಾವಿ ಕೆಲಸಕ್ಕೆ ಪಡೀಲಿನಿಂದ ಕರೆ ಬಂದಿದೆ, ಕೂಳೂರಿನಿಂದಲೂ. ಲತೇಶ್ ಒಪ್ಪುವ ಮೊದಲು ಅಮ್ಮನ ಮುಖ ನೋಡುತ್ತಾನೆ. ಅವಳು ಬೇಡ ಎಂದರೆ ಈಗ ನಿಜವಾಗಿಯೂ ಇಳಿಯುವುದಿಲ್ಲ. ಹಾಗಾಗಿ ಮುದ್ದುವಿಗೆ ಮೊದಲಿಗಿಂತ ಹೆಚ್ಚು ಹೆದರಿಕೆ. ಅವಳ ಮಾತನ್ನು ಯಾರೂ ಕೇಳದಿದ್ದಾಗ ಇಳಿದವನ ಜೀವ ಅವಳ ಮೇಲಿನ ಹೊರೆಯಾಗಿರಲಿಲ್ಲ.