ಪುಕ್ಕಟೆ ಪುಸ್ತಕ ಬೇಡವೆಂದಾಕೆ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮೊದಲ ಕಥಾಸಂಕಲನವನ್ನು ನಾನೇ ಅಚ್ಚು ಹಾಕಿಸಿದೆ. ಪ್ರಕಾಶಕರು ಯಾರೂ ಒಪ್ಪದಿದ್ದುದೇ ಕಾರಣ. ಬೇರೆ ಆದರ್ಶವೇನೂ ಇರಲಿಲ್ಲ. ಬೆಳಗಾವಿಯ ಪ್ರೆಸ್ಸಿನಿಂದ ಕಟ್ಟುಗಳು ಬಸ್ಸಿನಲ್ಲಿ ಪುಣೆಯ ಸ್ವಾರಗೇಟ್ ನಿಲ್ದಾಣಕ್ಕೆ ಬಂದವು. ಹಡಪಸರದ ನಮ್ಮ ಮನೆಗೆ ತಂದು ಮಂಚದ ಕೆಳಗೆ ಜೋಡಿಸಿದೆ. ಅಲ್ಲಿದ್ದ ಜೋಳದ ಡಬ್ಬಿಯನ್ನು ಹೆಂಡತಿ ಬಾಲ್ಕನಿಗೆ ಸಾಗಿಸಿದಳು.

ನನಗೆ ಗೊತ್ತಿದ್ದ ಅಂಗಡಿಗಳಲ್ಲಿ ಕನ್ನಡ ಪುಸ್ತಕ ಇಡುತ್ತಿರಲಿಲ್ಲ. ಪರಿಚಯದವರಿಗೆಲ್ಲ ಪುಕ್ಕಟೆ ಹಂಚಿದೆ. ಫ್ಯಾಕ್ಟರಿಯಲ್ಲಿ ಜೊತೆಗಿದ್ದ ಧಾರವಾಡದವರೊಬ್ಬರು ಮರುದಿನವೇ "ಭಾಳ ಛಲೋ ಬರದೀರಿ" ಎಂದರು. ಯಾವ ಕಥೆ ಹಿಡಿಸಿತೆಂದು ಕೇಳಿದೆ. "ಎಲ್ಲಾನೂ" ಎಂದರು. ತಿಂಗಳ ನಂತರ ಅವರ ಮನೆಗೆ ಹೋದಾಗ ಪುಸ್ತಕ ಟಿವಿ ಸ್ಟ್ಯಾಂಡಿನ ಕಾಲಡಿಯಲ್ಲಿತ್ತು. ಟಿವಿ ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸೊಬ್ಬರಿದ್ದರು, ಬೆಳಗಾವಿ ಕಡೆಯವರು. ಹೆಂಡತಿಯ ಬ್ಲೌಸ್ ತರಲು ಹೋದಾಗ ಅವರಿಗೂ ಒಂದು ಪ್ರತಿ ಚಾಚಿದೆ.

"ಫುಕಟ್ ಒಲ್ಲೆರಿ," ಎಂದರು. "ಫುಕಟ್ ಬಂದದ್ದು ಯಾರು ಓದ್ತಾರ? ನಾ ಹೊಲದದ್ದನ್ನ ನಿಮ್ಮ ಮನಿಯವರು ಫುಕಟ್ ಒಯ್ತಾರೇನು?"

ಬೆಲೆ ಪೂರ್ತಿ ಕೊಟ್ಟರು. ಗಾಬರಿಯಲ್ಲಿ ನಾನು ಬ್ಲೌಸನ್ನು ಅಲ್ಲೇ ಬಿಟ್ಟು ಬಂದೆ.

ಅದನ್ನು ತರಲು ಮುಂದಿನ ವಾರ ಮತ್ತೆ ಹೋದೆ. ಅವರು ಮಷೀನು ನಿಲ್ಲಿಸಿದರು.

"ಮೂರನೇ ಕಥಿ ತಪ್ಪು ಅದರಿ."

"ಅಚ್ಚಿನ ತಪ್ಪೇನ್ರಿ?"

"ಅಲ್ರಿ. ಗಂಡ ಬಿಟ್ಟು ಹೋದ ಅಂತ ಗೌಂಡಿ ಕೆಲಸದಾಕಿ ಬಾವಿ ಹಾರ್ತಾಳಲ್ಲ? ಆಕಿಗೆ ಮರುದಿನ ಕೆಲಸ ಇರತದ. ಹಾರಾಕ ಎಲ್ಲಿ ಪುರಸತ್ತು? ನಂಬಿಕಿ ಇಲ್ಲಂದ್ರ ಸೂಟಿ ದಿನ ಬರ್ರಿ."

ಹೋದೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದಿದ್ದ ನಾಲ್ಕೈದು ಹೆಂಗಸರು ರಜೆಯೆಂದು ಅಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಬ್ಲೌಸ್ ಹೊಲಿಯುವಾಕೆಯೇ ನನ್ನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಮೂರು ಸಲ ತಿದ್ದಿ ಬರೆದಿದ್ದ ಬಾವಿಯ ಸನ್ನಿವೇಶ ಬಂದಾಗ ಒಬ್ಬಾಕೆ ನಕ್ಕ ರಭಸಕ್ಕೆ ಚಹಾ ಸೀರೆಯ ಮೇಲೆ ಚೆಲ್ಲಿತು.

"ನನ್ನ ಗಂಡ ಬಿಟ್ಟು ಹೋದ ದಿನ ನಾ ಅವನ ಕಂಬಳಿ ಹೊತ್ಕೊಂಡು ಮಲಗಿದೆರಿ," ಎಂದಳು. "ಭಾಳ ದಿನಕ್ಕ ಛಲೋ ನಿದ್ದಿ ಹತ್ತಿತ್ತು."

ನನ್ನ ಮುಖ ಬಿಸಿಯಾಯಿತು. ಇದನ್ನು ಬರೆಯಲೇ ಎಂದು ಕೇಳಿದೆ.

"ಬರೀರಿ. ಕಂಬಳಿ ಹರದಿತ್ತು ಅಂತ ಮಾತ್ರ ಬರೀಬ್ಯಾಡ್ರಿ. ಹೊಸಾದಿತ್ತು."

ನನ್ನ ಎರಡನೇ ಪುಸ್ತಕ ಆ ಹೊಸ ಕಂಬಳಿಯಿಂದಲೇ ಶುರುವಾಗುತ್ತದೆ. ಅದನ್ನೂ ನಾನೇ ಅಚ್ಚು ಹಾಕಿಸಿದೆ. ದೊಡ್ಡ ಪ್ರಕಾಶನದ ಲೇಖಕರಿಗೆ ತಿದ್ದುವವರು ಇರುತ್ತಾರಂತೆ. ನಮ್ಮಂಥವರಿಗೆ ಕೊಂಡು ಓದಿದವರೇ ಆ ಕೆಲಸವನ್ನೂ ಮಾಡಬೇಕು. ಅವರಿಲ್ಲದಿದ್ದರೆ ನನ್ನ ಕಥೆಗಳಲ್ಲಿ ಇವತ್ತಿಗೂ ಹೆಂಗಸರು ಬಾವಿ ಹಾರುತ್ತಲೇ ಇರುತ್ತಿದ್ದರು.

ಈಗ ಯಾರಾದರೂ ಸ್ವಂತ ಖರ್ಚಿನಲ್ಲಿ ತಂದ ಪುಸ್ತಕ ಹಿಡಿದು ಬಂದರೆ ಕೊಳ್ಳುತ್ತೇನೆ, ಪೂರ್ತಿ ಓದುತ್ತೇನೆ, ಎಲ್ಲಿ ಸರಿಯಿಲ್ಲವೆಂದು ಹೇಳುತ್ತೇನೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಒಬ್ಬರು ತಮ್ಮ ಎರಡನೇ ಪುಸ್ತಕ ಬರೆಯುತ್ತಿದ್ದಾರೆ.