ಮಲ್ಲಿಗೆಯ ರಸ್ತೆ ಮುಚ್ಚಿಸಿದವನು

ಸೆಲ್ವಣ್ಣ, ಕಾವೇರಿ ಗಲಾಟೆಯಲ್ಲಿ ನಿಮ್ಮ ಬಲಗೈ ಮುರಿದವರು ಯಾರೋ. ಅವರನ್ನು ಕೆರಳಿಸಿದವನು ನಾನು. ಇಷ್ಟು ವರ್ಷ ಇದನ್ನು ನುಂಗಿಕೊಂಡೇ ಬದುಕಿದೆ.

ಹೋದ ವಾರ ಹೂಸ್ಟನ್ನಿನ ನನ್ನ ಹೂವಿನಂಗಡಿಗೆ ಬಂದಿರಿ—ಮೂರು ಗಂಟೆ ದಾರಿಯ ಸೀಡರ್ ಪಾರ್ಕ್‌ನಲ್ಲಿರುವ ನಿಮ್ಮ ಮಗಳ ಸೀಮಂತಕ್ಕೆ ಮಲ್ಲಿಗೆ ಹೇಳಲು. ಹೊರಗೆ ಹಿಲ್‌ಕ್ರಾಫ್ಟ್ ರಸ್ತೆ ಬಿಸಿಲಿಗೆ ನೀರಿನಂತೆ ಅಲುಗುತ್ತಿತ್ತು. ಫ್ರಿಜ್ ಬಾಗಿಲು ತೆಗೆದೆ. ಬಿಳಿ ಹಬೆಯ ಆಚೆ ನೀವು. ಅತ್ತಿಬೆಲೆ ಗಡಿಯ ಬೆಳಗಿನ ಮಂಜಿನಲ್ಲಿ ನಿಂತಿದ್ದೇನೆ ಅನ್ನಿಸಿಬಿಟ್ಟಿತು—

"ಲೋ ನಾಗಾ! ಅಮೆರಿಕಕ್ಕೆ ಬಂದ್ರೂ ನಿನ್ನ ಹೂವಿನ ಹುಚ್ಚು ಬಿಡ್ಲಿಲ್ವಲ್ಲೋ!" ಎಂದು ನಕ್ಕಿರಿ. ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದಿರಿ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ದುಡಿದೇ ಮೇಲೆ ಬಂದೆ ಎಂದು ಇಲ್ಲಿಯ ಡಾಕ್ಟರು, ಇಂಜಿನಿಯರುಗಳ ಮುಂದೆ ಎದೆಯುಬ್ಬಿಸಿ ಹೇಳುತ್ತೇನೆ. ದುಡಿದದ್ದು ನಿಜ. ಆದರೆ...

ಗಲಾಟೆ ಎದ್ದಾಗಲೆಲ್ಲ ಗಡಿಯಾಚೆಯ ನಿಮ್ಮ ಹೊಸೂರಿನ ಹೂವು ಬೆಂಗಳೂರಿಗೆ ಬರುತ್ತಿರಲಿಲ್ಲ. ನಮ್ಮ ಕಡೆಯ ಹೂವಿಗೆ ಬಾಯಿಗೆ ಬಂದ ಬೆಲೆ. ಜನ ನೀರಿಗಾಗಿ ಕೂಗುತ್ತಿದ್ದರು—ನನಗೆ ಬೇಕಿದ್ದದ್ದು ಮುಚ್ಚಿದ ರಸ್ತೆ. ಮಲ್ಲಿಗೆ ಮೊಗ್ಗು ಸಂಜೆಗೆ ಅರಳಿಬಿಡುತ್ತದೆ, ಮರುದಿನದ ಮಾರಾಟಕ್ಕೆ ಉಳಿಯುವುದಿಲ್ಲ. ಒಂದು ದಿನ ಮುಚ್ಚಿದ್ದರೂ ಸಾಕಿತ್ತು.

ಆವತ್ತು ಎಲ್ಲ ತಣ್ಣಗಾಗುತ್ತಿತ್ತು. ಹೊಸೂರಿನಿಂದ ನಿಮ್ಮ ಫೋನು ಬಂತು: "ನಿಮ್ ಡ್ರೈವರ್ ನಂಜ ನಮ್ಮನೇಲೇ ಅವ್ನೆ ಕಣೋ. ತಿಂದು ಗೊರಕೆ ಹೊಡೀತಾವ್ನೆ. ರಸ್ತೆ ಬಿಟ್ಟ ತಕ್ಷಣ ನಾನೇ ಕರ್ಕೊಂಡ್ ಬತ್ತೀನಿ."

ಫೋನ್ ಇಟ್ಟೆ. ಅತ್ತಿಬೆಲೆಯ ನನ್ನ ಹೂವಿನ ಮಂಡಿಯಿಂದ ಹೊರಗೆ ಬಂದು, ಟೀ ಅಂಗಡಿ ಮುಂದಿದ್ದವರಿಗೆ ಹೇಳಿದೆ—"ನಮ್ ನಂಜನ್ನ ಹೊಸೂರಲ್ಲಿ ಹಿಡ್ಕೊಂಡು ಹೊಡೀತಾವ್ರಂತೆ."

ಅಷ್ಟೇ. ಆ ಮಾತು ಹೊಗೆಯಂತೆ ಬೀದಿ ಬೀದಿ ನುಗ್ಗುವುದನ್ನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಹಿಂದೆ ಓಡುತ್ತೇನೆ, ಸಿಗುವುದಿಲ್ಲ. ಮಧ್ಯಾಹ್ನದೊಳಗೆ ನನ್ನ ಬುಟ್ಟಿಗಳೆಲ್ಲ ಖಾಲಿ. ನೀವೋ—ರಸ್ತೆ ಬಿಟ್ಟಿದ್ದಾರೆಂದು ನಂಬಿ, ನಂಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಿದ್ದಿರಿ. ತಮಿಳುನಾಡಿನ ನಂಬರ್ ಪ್ಲೇಟ್ ನೋಡಿ ನಮ್ಮ ಕಡೆಯ ಗುಂಪಿನವರು ತಡೆದರು. "ನಂಗ್ಯಾರೂ ಹೊಡ್ದಿಲ್ಲ" ಎಂದು ನಂಜ ಕೂಗುತ್ತಲೇ ಇದ್ದನಂತೆ. ವ್ಯಾನು ಉರಿಯಿತು. ನನಗೆ ಮಾಲೆ ಕಟ್ಟುವುದನ್ನು ಕಲಿಸಿದ ಆ ಕೈ ಮತ್ತೆ ದಾರ ಹಿಡಿಯಲಿಲ್ಲ. ಆಸ್ಪತ್ರೆಗೆ ಮೋಸಂಬಿ ಹಿಡಿದುಕೊಂಡು ಬಂದವನೂ ನಾನೇ!

ಆಮೇಲೆ ತಂಗಿ ಹೂಸ್ಟನ್ನಿಗೆ ಕರೆಸಿಕೊಂಡಳು. ಈ ಅಂಗಡಿಗೆ ಬಂಡವಾಳವಾದದ್ದು ಅಂಥ ದಿನಗಳ ಲಾಭವೇ.

ಹೋದ ವಾರ ಹೊರಡುವಾಗ ಕೇಳಿದಿರಿ: "ಆ ಗಾಳಿಸುದ್ದಿ ಬಿಟ್ಟೋನು ಯಾರೂಂತ ಆಮೇಲಾದ್ರೂ ಗೊತ್ತಾಯ್ತಾ ನಾಗಾ?"

"ಇಲ್ಲಣ್ಣ" ಅಂದೆ.

ನಂಜ ನಿಮ್ಮ ಮನೆಯಲ್ಲಿ ಸುಖವಾಗಿದ್ದಾನೆಂದು ಈ ಕಡೆ ಗೊತ್ತಿದ್ದವನು ನಾನೊಬ್ಬನೇ; ಗೊತ್ತಿದ್ದವನೇ ಸುಳ್ಳು ಹಬ್ಬಿಸುತ್ತಾನೆ ಅನ್ನುವ ಅನುಮಾನವೇ ನಿಮಗೆ ಬರಲಿಲ್ಲ.

ನಿಮಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆಯಲು ಕೂತೆನೇನೋ... ಹೇಡಿತನ. ನಾಳೆ ಹೂವು ತೆಗೆದುಕೊಂಡು ಸೀಡರ್ ಪಾರ್ಕ್‌ಗೆ ನಾನೇ ಡ್ರೈವ್ ಮಾಡಿಕೊಂಡು ಬರುತ್ತೇನೆ. ಮಗಳ ಆರತಿ ಮುಗಿಯಲಿ. ಆಮೇಲೆ ನಿಮ್ಮನ್ನು ಹೊರಗೆ ಕರೆದು, ಬಾಯಿಬಿಟ್ಟು ಹೇಳುತ್ತೇನೆ. ನೀವು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ, ಆ ಬಾಗಿಲು ನಾನು ತಟ್ಟುವುದಿಲ್ಲ.